ಹೇಳಬಾರದ ಸೊಪ್ಪು

ಮಸ್ಕಿಯ ಗುಡ್ಡದ ಆಚೆಗಿರುವ ಆ ಊರಿನಲ್ಲಿ ಗ್ಯಾನಪ್ಪನ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಕಾಮಣಿಯಾಗಿ ಕಣ್ಣು ಹಳದಿ ಮಾಡಿಕೊಂಡವರು ರವಿವಾರ ಬೆಳಿಗ್ಗೆ ಯಾವ ಕಟ್ಟೆಯ ಮೇಲೆ ಕೂತಿರುತ್ತಾರೋ ಅದೇ ಅವನ ಮನೆ. ಬಳಗಾನೂರು, ಜವಳಗೇರಾ ಕಡೆಯವರೂ ಟಂಟಂ ಗಾಡಿ ಮಾಡಿಕೊಂಡು ಬರುತ್ತಿದ್ದರು. ಬಂದವರು ಔಷಧಿ ಕುಡಿಯುವ ಮೊದಲು ಅವನ ಕೈಗುಣವನ್ನು ಹೊಗಳುತ್ತಿದ್ದರು, ಅವನು ಬೇಡ ಅನ್ನುತ್ತಿರಲಿಲ್ಲ. ಹೊಗಳಿಕೆ ಸ್ವಲ್ಪ ಕಡಿಮೆಯಾಯಿತು ಅನ್ನಿಸಿದರೆ ತಾನೇ ಒಂದೆರಡು ಮಾತು ಸೇರಿಸುತ್ತಿದ್ದ. ಕುರಿ ಕಾಯುವ ಮನೆತನಕ್ಕೆ ಅಷ್ಟು ಮರ್ಯಾದೆ ತಂದ ಕೈ ಅದು. ಸೊಕ್ಕಿದ್ದರೆ ಯಾರ ಗಂಟೇನು ಹೋಯಿತು?

ಔಷಧಿಗೆ ಎರಡು ಸೊಪ್ಪು. ಒಂದು ನೆಲನೆಲ್ಲಿ, ಅದು ಊರಿಗೆಲ್ಲ ಗೊತ್ತು. ಇನ್ನೊಂದು ಕಾಲುವೆ ದಂಡೆಯಲ್ಲಿ ಬೆಳೆಯುವ, ಹೆಸರು ಹೇಳಬಾರದ ಸೊಪ್ಪು. ರವಿವಾರ ಹೊತ್ತು ಹುಟ್ಟುವ ಮೊದಲು ಹೋಗಿ, ಯಾರೊಂದಿಗೂ ಮಾತಾಡದೆ ಕಿತ್ತು ತಂದು, ಬಾಗಿಲು ಹಾಕಿಕೊಂಡು ಅರೆಯಬೇಕು. ಹೆಸರು ಬಾಯಿಬಿಟ್ಟರೆ ಕೈಗುಣ ಹೋಯಿತೆಂದೇ ತಿಳಿಯಬೇಕು. ಅಪ್ಪ ಅವನಿಗೆ ಕಲಿಸಿದ್ದೂ ಹಾಗೆಯೇ. ಒಂದು ರವಿವಾರ ನಸುಕಿನಲ್ಲಿ ಕರೆದೊಯ್ದು, ಎರಡೂ ಸೊಪ್ಪು ಕಿತ್ತು, ಒಂದೇ ಅರಿವೆಯಲ್ಲಿ ಗಂಟು ಕಟ್ಟಿ ಮಗನ ಕೈಗಿಟ್ಟಿದ್ದ. ಮಾತಿಲ್ಲ ಕತೆಯಿಲ್ಲ. ಆಮೇಲೆ ಸ್ವಲ್ಪ ದಿನಕ್ಕೇ ಮುದುಕನಿಗೆ ಲಕ್ವಾ ಹೊಡೆದು ನಾಲಿಗೆ ನಿಂತುಹೋಯಿತು. ಕೇಳುವುದಿದ್ದರೂ ಗ್ಯಾನಪ್ಪ ಯಾರನ್ನು ಕೇಳಬೇಕು?

ಅವನ ಮಗಳು ಗಂಗಾ ಸಿಂಧನೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಈ ಸೀಮೆಯ ಔಷಧಿ ಗಿಡಗಳಲ್ಲಿ, ವಿಷದ ಗಿಡಗಳಲ್ಲಿ ಏನೇನು ಅಡಗಿದೆಯೆಂದು ಪರೀಕ್ಷೆ ಮಾಡುವುದೇ ಅವಳ ಪಿಎಚ್‌ಡಿ. ಅವಳು ಸೊಪ್ಪು ಕೇಳಿದಾಗ ಗ್ಯಾನಪ್ಪ ಮೊದಲು ಗುರ್ರೆಂದ. ಆಮೇಲೆ, ಮಂದಿ ಹೊಗಳಿದ್ದಾಯಿತು, ಕಾಲೇಜಿನ ಮಿಷನ್ನೂ ಹೊಗಳಲಿ ಅನ್ನಿಸಿ ಎರಡು ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಟ್ಟ.

"ಹೆಸರು ಕೇಳಬ್ಯಾಡ. ನೋಡ್ಲಿ ನಿನ್ನ ಮಿಷನ್ನು, ನಮ್ಮ ಮನಿ ಔಷಧಿ ಎಂಥಾದ್ದಂತ."

ಊರ ಚಹಾದಂಗಡಿಯಲ್ಲಿ ಅವತ್ತಿನಿಂದ ಅದೇ ಮಾತು. ಗ್ಯಾನಪ್ಪನ ಔಷಧಿ ಕಾಲೇಜಿಗೆ ಹೋಗ್ಯಾದ!

ಒಂದು ಶನಿವಾರ ಸಂಜೆ ಬಸ್ಸಿಳಿದು ಬಂದ ಮಗಳು ರೊಟ್ಟಿ ಮುರಿದಳೇ ಹೊರತು ಬಾಯಿಗಿಡಲಿಲ್ಲ.

"ಯಪ್ಪಾ, ನೆಲನೆಲ್ಲ್ಯಾಗ ಕೆಟ್ಟದ್ದೇನೂ ಸಿಗಲಿಲ್ಲ. ಆ ಇನ್ನೊಂದು ಸೊಪ್ಪಿನ್ಯಾಗ ವಿಷ ಐತಿ. ಲಿವರ್ ಕೆಡಸತೈತಿ. ಮತ್ತ ಮತ್ತ ಮಾಡಿ ನೋಡೀನಿ, ಹೊರಗಿನ ಲ್ಯಾಬಿಗೂ ಕಳಿಸೀನಿ. ಎಲ್ಲಾ ಕಡೆ ಅದ ಬಂದೈತಿ."

"ನನ್ನ ಕೈಯಾಗ ವಿಷ ಐತಿ ಅಂತೀಯೇನು?"

"ಕೈಯಾಗಲ್ಲ, ಸೊಪ್ಪಿನ್ಯಾಗ."

"ಹಂಗಾದ್ರ ಇಷ್ಟು ಮಂದಿ ಆರಾಮಾಗಿದ್ದು ಸುಳ್ಳೇನು?"

"ಕಾಮಣಿ ಎಷ್ಟೋ ಮಂದಿಗೆ ತಾನ ಇಳೀತೈತಿ. ಇಳಿದವ್ರು ಬಂದು ನಿನಗ ಕೈ ಮುಗಿದ್ರು. ಇಳೀಲಾರದವ್ರು ದವಾಖಾನಿಗೆ ಹೋದ್ರು. ಅವ್ರು ತಿರುಗಿ ಬಂದು ನಿನಗ ಯಾಕ ಹೇಳ್ತಾರ?"

ಗ್ಯಾನಪ್ಪನ ಮೈ ಉರಿದುಹೋಯಿತು. ಓದಿಸಿದ್ದೇ ತಪ್ಪಾಯಿತೆಂದು ಕೂಗಾಡಿದ. ಗಂಗಾ ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ.

ಆಗ ಹೆಂಡತಿ ಪಾರ್ವತೆಮ್ಮ ಒಲೆಯ ಮುಂದಿನಿಂದ ಎದ್ದು ಹೋಗಿ, ಹಿತ್ತಲ ಬಾಗಿಲಿಗೆ ಒತ್ತು ಕೊಟ್ಟಿದ್ದ ಸಣ್ಣ ಅರೆಯುವ ಕಲ್ಲನ್ನು ತಂದು ಇಬ್ಬರ ನಡುವೆ ಇಟ್ಟಳು.

"ನಾ ಸೊಸಿಯಾಗಿ ನಡಿಯಾಕ ಬಂದಾಗ ಅತ್ತಿ ಇದನ್ನ ಒಲಿ ಹತ್ರ ತರಗೊಡತಿರಲಿಲ್ಲ. 'ಇದು ಚೇಳಿನ ಕಲ್ಲು, ಚೇಳು ಕಡಿದವ್ರಿಗೆ ಮ್ಯಾಲ ಹಚ್ಚಾಕ ಅರಿಯೂದು, ಬಾಯಾಗ ಹೋಗಬಾರದು' ಅಂತಿದ್ರು. ಕಾಲುವಿ ಸೊಪ್ಪು ಇದರಾಗ, ನೆಲನೆಲ್ಲಿ ದೊಡ್ಡ ಕಲ್ಲಿನ್ಯಾಗ. ಆವಾಗ ನೀವು ಕುರಿ ಹಿಂದ ಅಡವ್ಯಾಗ ಇದ್ರಿ."

"ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ ನೀ?"

"ಔಷಧಿ ಮಾತು ಹೆಣ್ಮಕ್ಕಳು ಆಡಬಾರ್ದು ಅಂದವ್ರು ಯಾರ್ರೀ? ಬಾಗಿಲು ಹಾಕ್ಕೊಂಡು ಎರಡೂ ಕೂಡಿಸಿ ಅರದವ್ರು ಯಾರು?"

ಗ್ಯಾನಪ್ಪ ಆ ಕಲ್ಲನ್ನು ಹತ್ತಿರ ಎಳೆದುಕೊಂಡ. ಅಪ್ಪ ಒಂದೇ ಗಂಟಿನಲ್ಲಿ ಕೊಟ್ಟದ್ದು ಎರಡು ಬೇನೆಯ ಔಷಧಿ. ಒಂದು ಕುಡಿಯಲು, ಒಂದು ಹಚ್ಚಲು. ಅಷ್ಟು ಹೇಳಲು ಎರಡು ಮಾತು ಸಾಕಿತ್ತು. ರವಿವಾರದ ಮೌನ ಆ ಎರಡು ಮಾತನ್ನೂ ನುಂಗಿ ಕೂತಿತ್ತು.

ಮರುದಿನ ಎಂದಿನಂತೆ ನಸುಕಿನಲ್ಲೇ ಕಾಲುವೆಗೆ ಹೋದ. ಭತ್ತದ ಗದ್ದೆಗಳಿಗೆ ಆಗಷ್ಟೇ ಬೆಳಕು ಬೀಳುತ್ತಿತ್ತು. ಚೇಳಿನ ಬಾಲದಂತೆ ತೆನೆ ಸುತ್ತಿಕೊಂಡ ಆ ಗಿಡದ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತ. ಹೆಸರು ಹೇಳಿದರೆ ಕೈಗುಣ ಹೋಗುತ್ತದೆ, ಕಟ್ಟೆ ಬರಿದಾಗುತ್ತದೆ. ಹೇಳದೆ ಬರೀ ಬಿಟ್ಟುಬಿಟ್ಟರೆ ಇಷ್ಟು ದಿನ ಕುಡಿದವರಿಗೆ ವಿಷದ ಸುದ್ದಿ ಗೊತ್ತಾಗುವುದೇ ಇಲ್ಲ. ತನ್ನಿಂದ ಯಾರಿಗೆಲ್ಲ ತ್ರಾಸಾಯಿತೋ ಎಂದು ನೆನೆದು ಎದೆ ಭಾರವಾಯಿತು. ಆ ಭಾರದ ನಡುವೆಯೇ ಇನ್ನೊಂದು ಯೋಚನೆ ಬಂತು. ಈ ಗಂಟು ಬಿಚ್ಚಿದವಳು ಯಾರು? ಅಪ್ಪನ ಕೂಗಾಟಕ್ಕೆ ಹೆದರದೆ ಇದ್ದದ್ದನ್ನು ಇದ್ದಂತೆ ಹೇಳಿದವಳು ಯಾರು? ನಾಚಿಕೆ ಆಗುತ್ತಿರುವಾಗಲೇ ಹೆಮ್ಮೆಯೂ ಆಗಬಹುದೆಂದು ಗ್ಯಾನಪ್ಪನಿಗೆ ಅವತ್ತೇ ಗೊತ್ತಾದದ್ದು.

ಗಿಡ ಕಿತ್ತು ಗಂಟು ಕಟ್ಟಿಕೊಂಡು ಮನೆಗೆ ಬಂದಾಗ ಕಟ್ಟೆ ತುಂಬಿತ್ತು. ಬಳಗಾನೂರಿನ ಗದ್ದೆಗಳ ಸಾವಕಾರ ಬಸವಲಿಂಗ, ಕಣ್ಣು ಹಳದಿಯಾದ ಹೆಂಡತಿ ಶೈಲಜಾಳನ್ನು ಕರೆತಂದು ಎಲ್ಲರಿಗಿಂತ ಮುಂದೆ ಕೂತಿದ್ದ. ಬಾಗಿಲಲ್ಲಿ ಗಂಗಾ ನಿಂತಿದ್ದಳು. ಅವಳು ನಿಂತ ರೀತಿಯಲ್ಲೇ ಗ್ಯಾನಪ್ಪನಿಗೆ ತಿಳಿಯಿತು, ತಾನು ಆ ಸೊಪ್ಪು ಕಲಸಿದರೆ ಮಂದಿಯ ಮುಂದೆಯೇ ಕೈ ಹಿಡಿಯುತ್ತಾಳೆ. ನನ್ನ ಮಗಳೇ ಹೌದು ಅಂದುಕೊಂಡ.

ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಬದಲು ಕಟ್ಟೆಯ ಮೇಲೆಯೇ ಗಂಟು ಬಿಚ್ಚಿ, ಒಂದು ಗಿಡವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದ.

"ಎಲ್ಲಾರೂ ಕೇಳ್ರಿ. ಇದು ಚೇಳುಕೊಂಡಿ. ಇಷ್ಟು ದಿನ ನಿಮಗ ಕುಡಿಸಿದ್ದು ಇದನ್ನ. ಇದು ಬಾಯಿಗಲ್ಲ, ಇದರಾಗ ವಿಷ ಐತಿ. ನನಗ ಗೊತ್ತಿರಲಿಲ್ಲ, ತಪ್ಪು ನಂದ. ಚೇಳು ಕಡಿದ್ರಾದ್ರೂ ಹಚ್ಚಬಹುದೋ ಇಲ್ಲೋ ಅದನ್ನ ನನ್ನ ಮಗಳು ನೋಡಿ ಹೇಳ್ತಾಳ. ಹೇಳೂತನಕ ನಾ ಯಾರಿಗೂ ಮುಟ್ಟಸಂಗಿಲ್ಲ. ಸಾವ್ಕಾರ್ರ, ಈ ಯವ್ವನ್ನ ಮೊದಲು ಸಿಂಧನೂರು ದವಾಖಾನಿಗೆ ಕರ್ಕೊಂಡು ಹೋಗಿ ರಕ್ತ ತೋರಿಸ್ರಿ."

ಕಟ್ಟೆಯ ಮೇಲಿದ್ದವರು ಆ ಗಿಡದ ಕಡೆ ಕತ್ತು ಚಾಚಿದರು. ಗದರಿದವನು ಬಸವಲಿಂಗನೇ.

"ಹೆಸರು ಹೇಳಿಬಿಟ್ಟೆಲ್ಲೋ ಗ್ಯಾನಪ್ಪ! ನಿನ್ನ ಕೈಗುಣ ಹೋತಲ್ಲೋ!"

"ಹೋತ್ರೀ," ಅಂದ ಗ್ಯಾನಪ್ಪ. ಆ ಕಟ್ಟೆಯ ಮೇಲೆ ಅವನು ಎಂದೂ ಅಷ್ಟು ದೊಡ್ಡ ದನಿಯಲ್ಲಿ ತನ್ನನ್ನು ಹೊಗಳಿಕೊಂಡಿರಲಿಲ್ಲ. "ಬ್ಯಾರೆ ಎಲ್ಲಿ ಹೋಗ್ತೈತಿ? ಮಗಳ ಕೈಗೆ ಹೋಗೈತಿ. ಅಕಾ ಅಲ್ಲಿ, ಬಾಗಿಲಾಗ ನಿಂತಾಳ ನೋಡ್ರಿ."

ಗಂಗಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನು ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನ ಚೇಳಿನ ಕಲ್ಲನ್ನು ಹೆಗಲ ಮೇಲೆ ಹೊತ್ತು ಮಗಳನ್ನು ಬಸ್ಸಿಗೆ ಹತ್ತಿಸಲು ಬಂದ. ಕಲ್ಲು ಗಿಲ್ಲು ಒಯ್ಯುವಂತಿಲ್ಲ ಎಂದ ಕಂಡಕ್ಟರನನ್ನು ಮೇಲಿಂದ ಕೆಳಗೆ ನೋಡಿದ.

"ಇದು ಸಿಂಧನೂರು ಕಾಲೇಜಿಗೆ ಹೊಂಟೈತಿ. ನನ್ನ ಮಗಳ ಕಲ್ಲಿದು. ಸರಿ, ಜಾಗ ಬಿಡು."