ನೆತ್ತಿಯ ಮೇಲಿನ ಸೂರ್ಯ

"ನನ್ನ ಮೊಮ್ಮಗ ಹುಟ್ಟಿದ್ದು ಹೊತ್ತು ಮೂಡೂದ್ರಾಗ. ನಾನೇ ಆಸ್ಪತ್ರಿ ಬಾಗಲದಾಗ ನಿಂತಿದ್ದೆ," ಎಂದು ಜಗದೇವಪ್ಪ ಮಾಸ್ತರರು ಜಾತಕದ ಹಾಳೆಯನ್ನು ಮೇಜಿನ ಮೇಲೆ ಹರವಿದರು. "ಅಂಥ ಕೂಸಿಗಿ ಸೂರ್ಯ ಮೊದಲನೇ ಮನ್ಯಾಗ ಇರಬೇಕು. ನಿನ್ನ ಕಂಪ್ಯೂಟರ್ ಹತ್ತನೇ ಮನ್ಯಾಗ ಕುಂದ್ರಿಸ್ಯಾದ. ಹತ್ತನೇದಂದ್ರ ನೆತ್ತಿ ಮ್ಯಾಲ. ಮುಂಜಾನಿ ಆರಕ್ಕ ಸೂರ್ಯ ನೆತ್ತಿ ಮ್ಯಾಲ ಹೆಂಗ ಬಂದ್ನೋ ಶರಫುದ್ದೀನ?"

ಶರಫುದ್ದೀನ ನಕ್ಕ. ನಾಳೆ ಬನ್ನಿ, ಸರಿಮಾಡಿ ಇಟ್ಟಿರುತ್ತೇನೆ ಎಂದ. ಮಾಸ್ತರರು ಕೊಡೆ ಊರುತ್ತ ಹೋದ ಮೇಲೆ ನಗು ತಾನಾಗಿಯೇ ನಿಂತಿತು.

ಆಳಂದ ಬಸ್‌ಸ್ಟ್ಯಾಂಡಿನ ಹಿಂದಿನ ಅವನ ಟೈಪಿಂಗ್ ಅಂಗಡಿಗೆ ಕಂಪ್ಯೂಟರ್ ಬಂದು ಎರಡು ವರ್ಷವಾಗಿತ್ತು. ಈಗ ತೊಂಬತ್ತೊಂಬತ್ತನೆಯ ಇಸವಿ. ಅರ್ಜಿ, ಕರಾರುಪತ್ರಗಳಿಗಿಂತ ಅಲ್ಲಿ ಹೆಚ್ಚು ನಡೆಯುತ್ತಿದ್ದದ್ದು ಜಾತಕದ ವ್ಯವಹಾರ. ಅದಕ್ಕೊಂದು ಮೋಜಿನ ಕಾರಣವಿತ್ತು. ಬಸವಣ್ಣನವರ ಹಾದಿಯಲ್ಲಿ ನಡೆಯುವವರು ಪಂಚಾಂಗ, ಜಾತಕ ನೋಡಬಾರದು. ಸಭೆಯಲ್ಲಿ ಯಾರನ್ನು ಕೇಳಿದರೂ ನಾವು ನೋಡುವುದಿಲ್ಲ ಎಂದೇ ಹೇಳುತ್ತಿದ್ದರು. ಆದರೆ ಹೆಣ್ಣು ಗಂಡಿನ ಮಾತು ಎದ್ದರೆ ಎರಡೂ ಕಡೆಯವರಿಗೆ ಒಳಗೊಳಗೇ ಒಂದು ಹಾಳೆ ಬೇಕು. ಜೋಯಿಸರ ಮನೆ ಮೆಟ್ಟಿಲು ಹತ್ತಿದರೆ ಊರೇ ನೋಡುತ್ತದೆ. ಮುಸಲ್ಮಾನನ ಟೈಪಿಂಗ್ ಅಂಗಡಿಗೆ ಹೊಕ್ಕವರು ಜಾತಕಕ್ಕೆ ಬಂದಿದ್ದಾರೆಂದು ಯಾರಿಗೆ ಅನುಮಾನ?

ನಾಲ್ಕು ತಿಂಗಳ ಹಿಂದೆ ಕಂಪ್ಯೂಟರಿಗೆ ವೈರಸ್ ಹೊಕ್ಕು ವಿಂಡೋಸ್ ಕೆಟ್ಟುಹೋಯಿತು. ಗುಲಬರ್ಗಾದ ಗೆಳೆಯ ಖಾದರಸಾಬ ಯಾವುದೋ ಮಾಸಿಕದ ಜೊತೆ ಬಂದ ಸಿ.ಡಿ. ಕೊಟ್ಟ. "ಲಿನಕ್ಸ್ ಅಂತಾರ. ಪುಕ್ಕಟ. ಬೇಕಂದವರು ಬಿಚ್ಚಿ ನೋಡಬಹುದು, ತಿದ್ದಬಹುದು," ಎಂದ. ಲಿನಕ್ಸ್ ಏನೋ ಕೂತಿತು. ಜಾತಕದ ಪ್ರೋಗ್ರಾಮು ಮಾತ್ರ ವಿಂಡೋಸಿಗೆಂದೇ ಮಾಡಿದ್ದು, ಇಲ್ಲಿ ಕಣ್ಣೇ ತೆರೆಯಲಿಲ್ಲ. ಪ್ರೋಗ್ರಾಮಿನ ಮಾತು ಲಿನಕ್ಸಿಗೆ, ಲಿನಕ್ಸಿನ ಮಾತು ಪ್ರೋಗ್ರಾಮಿಗೆ ತಿಳಿಸುವ ದುಭಾಷಿಯಂಥ ಇನ್ನೊಂದು ಪ್ರೋಗ್ರಾಮು ನಡುವೆ ಬೇಕಾಯಿತು. ಅದರ ಹೆಸರು ವೈನ್. ಆ ಹೆಸರನ್ನು ಶರಫುದ್ದೀನ ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಮೂರು ದಿನ ಇನ್‌ಸ್ಟಾಲರಿನ ಜೊತೆ ಗುದ್ದಾಡಿ, ಕೊನೆಗೆ ಪರದೆಯ ಮೇಲೆ ಹನ್ನೆರಡು ಮನೆಗಳ ಕುಂಡಲಿ ತೆರೆದುಕೊಂಡಾಗ ಬಸ್‌ಸ್ಟ್ಯಾಂಡಿನವರಿಗೆಲ್ಲ ಚಹಾ ಕುಡಿಸಿದ್ದ.

ಈಗ ಅವನು ಲಿನಕ್ಸಿನ ಒಂದೊಂದೇ ಸೆಟ್ಟಿಂಗನ್ನು ತೆಗೆದು ನೋಡಿದ. ಅರ್ಧ ತಾಸಿನಲ್ಲಿ ಸಿಕ್ಕಿತು. ಲಿನಕ್ಸ್ ಹಾಕಿಕೊಳ್ಳುವಾಗ ಅದು, ನೀನಿರುವುದು ಯಾವ ದೇಶದ ವೇಳೆಯಲ್ಲಿ ಎಂದು ಕೇಳಿತ್ತು. ಅವನು ಓದುವ ಗೋಜಿಗೆ ಹೋಗದೆ ಎಂಟರ್ ಒತ್ತಿದ್ದ. ಗಡಿಯಾರ ತಪ್ಪು ತೋರಿಸಿದಾಗ ಮುಳ್ಳು ತಿರುಗಿಸಿದಂತೆ ಕೈಯಿಂದಲೇ ಸರಿಮಾಡಿದ್ದ. ವೇಳೆ ಆಳಂದದ್ದೇ ತೋರಿಸುತ್ತಿತ್ತು, ಆದರೆ ಕಂಪ್ಯೂಟರು ತಾನು ಇಂಗ್ಲೆಂಡಿನಲ್ಲಿ ಕೂತಿದ್ದೇನೆಂದೇ ತಿಳಿದಿತ್ತು. ಜಾತಕದ ಪ್ರೋಗ್ರಾಮು ಅದನ್ನೇ ನಂಬಿ, ಹುಟ್ಟಿದವರನ್ನೆಲ್ಲ ಐದೂವರೆ ತಾಸು ತಡವಾಗಿ ಹುಟ್ಟಿಸಿತ್ತು.

ಭಾರತ ಎಂದು ಆರಿಸಿ ಮತ್ತೆ ನಡೆಸಿದ. ಮಾಸ್ತರರ ಮೊಮ್ಮಗನ ಸೂರ್ಯ ಮೊದಲನೆಯ ಮನೆಗೆ ಬಂದು ಕೂತ. ಶರಫುದ್ದೀನನಿಗೆ ಖುಷಿಯಾಯಿತು, ನಿಜವಾಗಿಯೂ. ಮರುಕ್ಷಣ, ಈ ನಾಲ್ಕು ತಿಂಗಳಲ್ಲಿ ಹಾಳೆ ಒಯ್ದವರಲ್ಲೆಲ್ಲ ಮೊದಲು ನರೋಣಾದ ಮಹಾನಂದಾ ನೆನಪಾದಳು.

ಅವಳ ತಾಯಿ ಸುಭದ್ರಾಬಾಯಿ ಎರಡು ತಿಂಗಳ ಹಿಂದೆ ಬಂದು, ಹಾಳೆಯನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಹೋಗಿದ್ದಳು. "ನಮ್ಮ ಮನಿಯವರಿಗಿ ಗೊತ್ತಾಗಬಾರದು ನೋಡಪಾ," ಎಂದಿದ್ದಳು. ಗಂಡ ಚಂದ್ರಾಮಪ್ಪ ಶರಣರ ಹೆಸರಿನಲ್ಲಿ ಊರೂರಿಗೆ ಭಾಷಣ ಮಾಡುವ ಮನುಷ್ಯ. ಹಾಳೆ ಗುಟ್ಟಾಗಿ ಅಫಜಲಪುರದ ಗಂಡಿನ ಮನೆಗೆ ಹೋಯಿತು. ವಾರದಲ್ಲಿ ಅವರು ಸಂಬಂಧ ಬೇಡವೆಂದರು. ಜಾತಕದ ಮಾತು ಅವರೂ ಎತ್ತುವಂತಿಲ್ಲ, ಇವರೂ ಕೇಳುವಂತಿಲ್ಲ. ಕಾರಣವಿಲ್ಲದೆ ಬಿಟ್ಟರೆ ಜನ ಕಾರಣ ಹುಟ್ಟಿಸುತ್ತಾರೆ. ಹುಡುಗಿಗೆ ಮೂರ್ಛೆ ಬರುತ್ತದಂತೆ ಎಂಬ ಮಾತು ಶರಫುದ್ದೀನನ ಅಂಗಡಿಯವರೆಗೂ ಬಂದಿತ್ತು. ಅವನೂ ಅದನ್ನು ಕೇಳಿ ಅಯ್ಯೋ ಪಾಪ ಎಂದು ಸುಮ್ಮನಾಗಿದ್ದ.

ಅವಳ ಹುಟ್ಟಿದ ವೇಳೆಯನ್ನು ಮತ್ತೆ ಹಾಕಿದ. ಎಂಟನೆಯ ಮನೆಯಲ್ಲಿ ಕೂತು ಗಂಡನ ಆಯುಷ್ಯ ತಿನ್ನುತ್ತಾನೆಂದು ಹೆಸರಾದ ಮಂಗಳ ಎದ್ದು ಹನ್ನೊಂದನೆಯ ಮನೆಗೆ ಹೋದ. ಅಲ್ಲಿದ್ದರೆ ದೋಷವಿಲ್ಲ. ತಾನು ಓದದೆ ಒತ್ತಿದ ಒಂದು ಗುಂಡಿಗೆ ಯಾರದೋ ಮಗಳು ಬಲಿಯಾದಳಲ್ಲ ಎಂದುಕೊಂಡ. ಬಾಯಿಬಿಟ್ಟರೆ ಅಂಗಡಿ ಉಳಿಯುವುದಿಲ್ಲವೆಂದೂ ಗೊತ್ತಿತ್ತು.

ಮರುದಿನ ಮಂಗಳವಾರ. ಮಧ್ಯಾಹ್ನದ ಬಸ್ಸಿಗೆ ನರೋಣಾಕ್ಕೆ ಹೋದ. ಚಂದ್ರಾಮಪ್ಪ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ಅರ್ಜಿಯ ನೆಪ ಹೇಳಿ ಶರಫುದ್ದೀನ ಕಂಬಕ್ಕೆ ಒರಗಿ ಕೂತ. ಮಹಾನಂದಾ ನೀರು ತಂದಿಟ್ಟಳು. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದ್ದಳು.

"ನೀನೂ ಉಣ್ಣವಾ," ಎಂದ ಚಂದ್ರಾಮಪ್ಪ.

"ಹೊಟ್ಟಿ ಸರಿ ಇಲ್ರಿ ಅಪ್ಪಾ," ಎಂದು ಒಳಗೆ ಹೋದಳು.

"ಮಂಗಳವಾರ ಬಂದ್ರ ಈಕಿ ಹೊಟ್ಟಿ ಕೆಡತಾದ ನೋಡ್ರಿ," ಎಂದು ಅವನು ರೊಟ್ಟಿ ಮುರಿದ.

ಸುಭದ್ರಾಬಾಯಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಕೈತೊಳೆಯುವ ನೆಪದಲ್ಲಿ ಶರಫುದ್ದೀನ ಅಲ್ಲಿಗೆ ಹೋಗಿ ಹೊಸ ಹಾಳೆ ಕೊಟ್ಟು ಎಲ್ಲ ಹೇಳಿದ. ಅವಳು ಬೂದಿಗೈಯಲ್ಲೇ ಹಾಳೆ ಹಿಡಿದು ನಿಂತಳು.

"ಅಂದ್ರ ನನ್ನ ಮಗಳದು ಏನೂ ದೋಷ ಇದ್ದಿಲ್ಲಾ?"

"ಇದ್ದಿಲ್ರಿ ಅಕ್ಕಾ. ತಪ್ಪು ನಂದು."

"ಆ ಹುಡುಗಂದು ಹ್ವಾದ ವಾರ ಬ್ಯಾರೆ ಕಡಿ ಮದಿವಿ ಆಯ್ತಪಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ದೋಷಕ್ಕಂತ ಮಂಗಳವಾರ ಉಪಾಸ ಹಿಡದಾಳ. ಇನ್ನ ಬಿಡು ಅಂತೀನಿ. ಆದ್ರ ಊರಾಗ ಮೂರ್ಛಿ ಅಂತಾರಲ್ಲ, ಅವರಿಗಿ ಯಾರು ಹೇಳಬೇಕು? ಜಾತಕ ನೋಡೇವಿ ಅಂತ ಯಾವ ಬಾಯಿಲೆ ಹೇಳಲಿ?"

ಶರಫುದ್ದೀನ ಪಡಸಾಲೆಗೆ ಬಂದು ಚಂದ್ರಾಮಪ್ಪನೆದುರು ನೆಲಕ್ಕೇ ಕೂತ.

"ಗೌಡ್ರ, ನಾ ಅರ್ಜಿಗಿ ಬಂದಿಲ್ರಿ. ನಿಮ್ಮ ಮಗಳ ಜಾತಕ ನನ್ನ ಅಂಗಡ್ಯಾಗ ಆಗಿತ್ತು. ಅದು ತಪ್ಪಾಗಿತ್ತು. ಸಂಬಂಧ ಮುರದದ್ದು ನನ್ನಿಂದ. ಇದನ್ನ ಅಫಜಲಪುರದಾಗೂ ಹೇಳ್ತೇನಿ, ಈ ಊರ ಚಾವಡ್ಯಾಗೂ ಹೇಳ್ತೇನಿ. ಅಕ್ಕಗ ಮಾತ್ರ ಏನೂ ಅನಬ್ಯಾಡ್ರಿ."

ಹಿತ್ತಲ ಬಾಗಿಲಲ್ಲಿ ಸುಭದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಚಂದ್ರಾಮಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟ. ಕೊರಳಿನ ಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದುಕೊಂಡ.

"ನಮ್ಮ ಮನ್ಯಾಗ ಅದನ್ನ ಯಾರೂ ನೋಡಂಗಿಲ್ಲ," ಎಂದ.

ಆಮೇಲೆ ಒಳಗಿನವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿದ.

"ಎಂಟರಾಗ ಇದ್ದ ಮಂಗಳ ಈಗ ಎಲ್ಲಿ ಅದಾನ?"

ಎಂಟು ಎಂಬ ಮಾತನ್ನು ಶರಫುದ್ದೀನ ಅವನೆದುರು ಆಡಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತವಳು ಗಂಡನ ಮುಖವನ್ನೇ ನೋಡಿದಳು.

"ಹನ್ನೊಂದರಾಗ್ರಿ," ಎಂದ ಶರಫುದ್ದೀನ.

ಚಂದ್ರಾಮಪ್ಪ ತಲೆ ಎತ್ತಲಿಲ್ಲ. ತನ್ನ ತಾಟನ್ನು ಒಂದು ಗೇಣು ಸರಿಸಿ, ಪಕ್ಕದಲ್ಲಿ ಜಾಗ ಮಾಡಿ ಮಗಳನ್ನು ಕರೆದ. ಅವಳು ಬಂದು ಕೂತಳು. ಅವನು ರೊಟ್ಟಿಯ ಅರ್ಧ ಮುರಿದು ಅವಳ ಮುಂದಿಟ್ಟು, ಅವಳು ಮೊದಲ ತುತ್ತು ಬಾಯಿಗಿಡುವವರೆಗೂ ತಾನು ಮುಟ್ಟದೆ ಕೂತ.