ತಾಹಿರನ ಪಾಲು

ಗಂಗೊಳ್ಳಿಯ ಚಂದ್ರನ ದೋಣಿಗೆ ಅಪ್ಪನ ಕಾಲದ ಒಂದು ರೂಢಿ. ಕಡಲಿಗೆ ಹೋದವ ತಿರುಗಿ ಬಾರದಿದ್ದರೆ, ಸತ್ತ ಸುದ್ದಿ ಖಚಿತವಾಗುವ ತನಕ ಅವನ ಪಾಲಿನ ಮೀನು ಅವನ ಮನೆಗೆ ಮುಟ್ಟಬೇಕು. ಹೆಂಡತಿ ರತ್ನ ಎಷ್ಟೇ ಗೊಣಗಲಿ, ಹನ್ನೆರಡು ವರ್ಷ ಚಂದ್ರ ಐಸಮ್ಮನ ಮನೆಗೆ ಮೀನು ಮುಟ್ಟಿಸಿದ. ತಮಾಷೆಯೆಂದರೆ, ಅವರ ಮಗ ತಾಹಿರ ಕಡಲಿನಲ್ಲಿ ಕಾಣೆಯಾದವನೇ ಅಲ್ಲ.

ಎಂಥಾ ಜೊತೆಗಾರ ಅವ! ನೀರಿನ ಬಣ್ಣ ನೋಡಿಯೇ ಬಂಗುಡೆ ಮೀನು ಇದ್ದಲ್ಲಿ ಬೆರಳು ತೋರಿಸುತ್ತಿದ್ದ. ಬಲೆ ಎಳೆಯುವಾಗ ಅವನ ಮಾತಿಗೆ ಚಂದ್ರನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣು. ತೊಂಬತ್ತೇಳರಲ್ಲಿ ಮುಂಬೈಗೆ ಕೆಲಸಕ್ಕೆ ಹೋದವ ಎರಡು ವರ್ಷ ಬಿಟ್ಟು ಬಂದಾಗ ನಗುವೂ ಇಲ್ಲ, ಮೀನಿನ ಸುದ್ದಿಯೂ ಇಲ್ಲ, ಬರೀ ಸೇಡಿನ ಮಾತು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟೇಹೋದ.

ಮರುವರ್ಷ ಪೇಪರಿನಲ್ಲಿ ಬೇರೆ ಹೆಸರು, ಅದೇ ಮುಖ. ಧರ್ಮದ ಹೆಸರಿನಲ್ಲಿ ಬಾಂಬು ಇಡಿಸುವ ತಂಡಕ್ಕೆ ತಾಹಿರನೇ ನಾಯಕನಂತೆ. ದೂರದ ಊರಿನ ಸಂತೆಯಲ್ಲಿ ಹನ್ನೊಂದು ಜನ ಸತ್ತಿದ್ದರು. ಚಂದ್ರನಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಹಳೆಯ ತಾಹಿರ ಬೇಕೆನಿಸಿ ಅಳುವೂ ಬಂತು. ಪೊಲೀಸರು ಐಸಮ್ಮನ ಮನೆ ಜಾಲಾಡಿ ಹೋದ ಮೇಲೆ, ಪೇಪರಿನಲ್ಲಿದ್ದವ ಬೇರೆ ಯಾವನೋ, ನಿಮ್ಮ ಮಗ ಮತ್ತೆ ಮುಂಬೈಗೆ ಹೋಗಿ ಅಲ್ಲಿನ ಬೋಟಿನಿಂದ ಕಾಣೆಯಾಗಿದ್ದಾನೆ ಎಂದು ಚಂದ್ರ ಅವರಿಗೆ ಹೇಳಿದ. ಸುಳ್ಳು ನಿಜವಾಗಿ ಕಾಣಲಿ ಎಂದು ತಾಹಿರನ ಪಾಲು ಕೊಡಲು ಶುರುಮಾಡಿದ.

ಎರಡು ಸಾವಿರದ ಹನ್ನೆರಡರಲ್ಲಿ ಗಡಿಯ ಕಾಡಿನಲ್ಲಿ ಗುಂಡು ತಾಗಿ ತಾಹಿರ ಸತ್ತ ಸುದ್ದಿ ಪೇಪರಿನಲ್ಲಿ ಬಂತು. ಹೆಣ ಊರಿಗೆ ಬರಲಿಲ್ಲ. ಪಾಲು ನಿಲ್ಲಿಸಿದರೆ ಐಸಮ್ಮನಿಗೆ ಗೊತ್ತಾಗುತ್ತದಲ್ಲ ಎಂದು ಚಂದ್ರ ಒಳ್ಳೆಯ ಬಂಗುಡೆಯನ್ನೇ ಆರಿಸಿಕೊಂಡು ಹೋದ. ಜಗಲಿಯಲ್ಲಿ ಕೂತಿದ್ದ ಐಸಮ್ಮ ಕೈ ಚಾಚಲಿಲ್ಲ.

"ಇನ್ ತರ್ಬೇಡ ಮಗಾ. ನಂಗೆ ಮೊದ್ಲಿಂದ್ಲೂ ಗೊತ್ತಿತ್ತ್. ಆ ಸಂತೆಯಂಗೆ ಸತ್ತವ್ರ ಮನಿಗೆ ಯಾರ್ ಪಾಲ್ ಕೊಡ್ತ್ರ್?"

ಚಂದ್ರ ಮೀನನ್ನು ಜಗಲಿಯ ಮೇಲಿಟ್ಟ. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದ.

"ಅವನ್ ಹೆಸ್ರ್ ಹೇಳುಕೆ ಊರಂಗೆ ನೀನೊಬ್ನೇ ಬತ್ತಿದ್ದದ್ದ್."

ಚಂದ್ರನಿಗೂ ಆ ಹೆಸರು ಹೇಳಲಿಕ್ಕೆ ಇದ್ದದ್ದು ಈ ಜಗಲಿಯೊಂದೇ. "ಹಾಂಗಾರೆ ನಾಳೆ ನಾನ್ ಎಲ್ಲಿಗೆ ಹೋಪುದ್?" ಅಂದ.

ಐಸಮ್ಮ ಸ್ವಲ್ಪ ಸರಿದು ಕೂತರು. "ಬರಿಗೈಯಂಗೆ ಬಾ."

ಮರುದಿನ ದೋಣಿ ದಡ ಮುಟ್ಟಿತು. ಚಂದ್ರ ಎಲ್ಲರ ಪಾಲು ಹಾಕಿದ, ತಾಹಿರನದ್ದು ಹಾಕಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಐಸಮ್ಮನ ಮನೆ ಕಡೆ ನಡೆದ.