ಲಿಂಗಕ್ಕನ ಪಾಲಿನ ಅಳು

ಕೆಳಗೆ ಅಂಗಳದಲ್ಲಿ ಲಿಂಗಕ್ಕನ ಹೆಣಕ್ಕೆ ನೀರು ಹಾಕುತ್ತಿದ್ದರು. ಸೊಸೆ ನಾಗಜ್ಯೋತಿ ಮಾಳಿಗೆ ಹತ್ತಿ, ಸಿಗ್ನಲ್ ಸಿಗಲೆಂದು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಳು. ಅತ್ತೆಯ ಹೆಣ ಅಂಗಳದಲ್ಲಿರುವಾಗ ಸೊಸೆಯಾದವಳು ಮಾಳಿಗೆ ಹತ್ತಿದರೆ ಜನ ಸುಮ್ಮನಿರುತ್ತಾರೆಯೇ? ನಾಲ್ಕು ಬಾಯಿ ನಾಲ್ಕು ಮಾತಾಡಿದವು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಅತ್ತೆಯ ಅಳು.

"ಜ್ಯೋತಿ, ಸಿಕ್ಕಿತೇನ?" ಗಂಡ ಚಂದ್ರ ಕೆಳಗಿನಿಂದ ಕೂಗಿದ. "ಜನಕ್ಕ ಹೇಳಿಬಿಟ್ಟೀನಿ, ಅವ್ವನ ಹಾಡು ಐತಿ, ಕೇಳಿಸೇ ಹೆಣ ಎತ್ತೋದು ಅಂತ."

"ಫೋನ್ ಮಾಡಾಕತ್ತೀನಿ, ತಡೀರಿ," ಎಂದಳು.

ಹೊಳಗುಂದ ಸೀಮೆಯ ಆ ಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಯಾರೇ ಸತ್ತರೂ ಹಾಡ್ಯಾಡಿ ಅಳುವವಳು ಲಿಂಗಕ್ಕ. ಹತ್ತಿ ಬಿಡಿಸುವ ಕೂಲಿ, ಮೂರು ಆಡು, ಒಬ್ಬ ಮಗ, ಹೇಳಿದರೆ ಅವಳ ಬದುಕು ಅಷ್ಟೇ. ಆದರೆ ಹೆಣದ ತಲೆಗಡೆ ಕುಳಿತಳೆಂದರೆ ಸತ್ತವರ ಇಡೀ ಬಾಳನ್ನು ಎತ್ತಿ ಆಡುತ್ತಿದ್ದಳು. ಯಾರ ಕೂಡ ಜಗಳಾಡಿದರು, ಯಾವ ಸಾರೆಂದರೆ ಬಾಯಿ ಬಿಡುತ್ತಿದ್ದರು, ಯಾವ ಕೂಸನ್ನು ಮಣ್ಣಿಗಿಟ್ಟು ಬಂದರು, ಒಂದೂ ಬಿಡುತ್ತಿರಲಿಲ್ಲ. ಅವಳು ಒಂದು ಸಾಲು ಎತ್ತಬೇಕು, ಉಳಿದ ಹೆಂಗಸರು "ಓ ನಮ್ಮವ್ವಾ" ಎಂದು ದನಿಗೂಡಿಸಬೇಕು, ಆಮೇಲೆ ಮುಂದಿನ ಸಾಲು. ಹಾಗೆ ಹಾಡಿಸಿಕೊಳ್ಳದೆ ಮಣ್ಣಿಗೆ ಹೋದವರು ಆ ಊರಲ್ಲಿಲ್ಲ. ಈಗ ಅವಳೇ ಹೋದಳು, ಎತ್ತಿ ಆಡುವವರಿಲ್ಲ.

"ತನ್ನ ಸಾವು ತಾನ ಹಾಡ್ಕೊಂಡ ಮ್ಯಾಲ ಜೀವ ನಿಲ್ತೈತೇನ?" ಪಕ್ಕದ ಮನೆಯ ಸುಂಕಲಮ್ಮ ಮಾಳಿಗೆಗೆ ಕೇಳುವಂತೆಯೇ ಹೇಳಿದಳು. "ಸೊಸಿ ಹಾಡಿಸಿದ್ಲು, ಅತ್ತಿ ಹೋದ್ಲು. ಇರಲಿ ಬಿಡ್ರಿ, ಹಾಡಿದ್ದರ ಐತೆಲ್ಲ. ಅದನ್ನ ಕೇಳಿಸಿ ಕಳಸೋಣು."

*

ಹೋದ ವರ್ಷ ಆದೋನಿಯಲ್ಲಿ ಹತ್ತಿ ಮಂಡಿಯ ಹಿಂದೆ ಒಂದು ಆಫೀಸು ತೆರೆದಿತ್ತು. ಡಿಗ್ರಿ ಓದಿದ ನಾಗಜ್ಯೋತಿಗೆ ಅಲ್ಲಿ ಕೆಲಸ ಸಿಕ್ಕಿತು. ಊರವರ ಮಾತನ್ನು ಫೋನಿನಲ್ಲಿ ಹಿಡಿದು ಕಳಿಸಬೇಕು, ಕಳಿಸಿದ್ದು ಮತ್ತೆ ಫೋನಿನಲ್ಲಿ ಉಳಿಯದು, ಬಂದ ಧ್ವನಿಗಳನ್ನು ಕೇಳಿ ಸರಿ-ತಪ್ಪು ನೋಡಬೇಕು. ಎಲ್ಲೋ ದೂರದ ದೊಡ್ಡ ಕುಳಗಳು ದುಡ್ಡು ಸುರಿದು ಒಂದು ಯಂತ್ರ ಕಟ್ಟುತ್ತಿದ್ದಾರೆ ಎಂದು ಮೇಲ್ವಿಚಾರಕ ಸಾಯಿಕುಮಾರ್ ಹೇಳಿದ್ದ. ಮನುಷ್ಯ ಬಲ್ಲದ್ದನ್ನೆಲ್ಲ ಅದೂ ಕಲಿಯಬೇಕಂತೆ. ನಗುವುದು, ಬೈಯುವುದು, ಅಳುವುದು ಸಹಿತ.

ಲಿಂಗಕ್ಕ ಕೇಳಿ ನಕ್ಕುಬಿಟ್ಟಳು. "ಅದಕ್ಕ ಅವ್ವ ಅದಾಳೇನ? ಅವ್ವ ಸತ್ತಾಳೇನ? ಮತ್ತ ಅಳು ಯಾತಕ್ಕ ಅದಕ?"

"ಕಲೀತೈತಂತ ಅತ್ತಿ. ಒಂದ ಒಂದು ಹಾಡಿಕೊಡ್ರಿ. ಇಂಥದ್ದು ಯಾರೂ ಕಳಿಸಿಲ್ಲ, ಕಳಿಸಿದ್ರ ನನ್ನ ಕೆಲಸ ಗಟ್ಟಿ ಆಗ್ತೈತಿ."

"ಹೆಣ ಇಲ್ದ ಯಾರ ಹೆಸರು ಹಿಡೀಲೇ? ಇದ್ದೋರ ಹೆಸರು ಹಿಡಿದ್ರ ಅವರಿಗಿ ತಟ್ತೈತಿ."

ಜ್ಯೋತಿ ಮೂರು ದಿನ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಲಿಂಗಕ್ಕ ಫೋನ್ ಕಸಿದುಕೊಂಡಳು. "ನನ್ನ ಹೆಸರು ಹಿಡೀತೀನಿ ತಗೋ. ತಟ್ಟಿದ್ರ ನನಗ ತಟ್ಲಿ." ಹೆಣವಿಲ್ಲದ ಅಳು ಯಾರ ಕಿವಿಗೂ ಬೀಳಬಾರದೆಂದು ಊರಾಚೆಯ ಖಾಲಿ ಕುರಿದೊಡ್ಡಿಗೆ ಒಬ್ಬಳೇ ಹೋದಳು. ಹೊತ್ತು ಇಳಿಯುವಾಗ ಬಂದಳು. ಕಣ್ಣು ಊದಿದ್ದವು.

"ಎಲ್ಲಾ ಹಾಡೀನವ್ವ. ಯಾರಿಗೂ ಹೇಳದ್ದು ಸೈತ. ನಿನ್ನೂ ಹಾಡೀನಿ."

ಎರಡು ದಿನದ ಮೇಲೆ ಆ ಧ್ವನಿ ಬರೀ ಒಂದು ನಂಬರಾಗಿ, ಪರೀಕ್ಷೆಗೆಂದು ತಿರುಗಿ ಜ್ಯೋತಿಯ ಪಾಲಿಗೇ ಬಂತು. ಅವತ್ತು ಇನ್ನೂರು ಧ್ವನಿ ಮುಗಿಸಬೇಕಿತ್ತು. ಮೊದಲ ಸಾಲಿಗೇ ಅತ್ತೆಯ ದನಿ ಎಂದು ತಿಳಿಯಿತು. ಸಾಲು ಮುಗಿಯುತ್ತಲೇ ದನಿ ಒಡೆದು ಬಿಕ್ಕು ಶುರುವಾಯಿತು. ಅಳು ಬೇಕು, ಆದರೆ ಮಾತು ಮುಚ್ಚುವಂಥ ಬಿಕ್ಕು ಬಂದರೆ 'ಗದ್ದಲ' ಎಂದು ಒತ್ತಬೇಕು. ಇದು ಆಫೀಸಿನ ನಿಯಮ. ಎಂಥಾ ನಿಯಮವೋ ಶಿವನೇ! ಮನೆಯವರದೆಂದು ಪಾಸು ಮಾಡಿದಳು ಅನ್ನಿಸಿಕೊಳ್ಳಬಾರದೆಂದು ಜ್ಯೋತಿ 'ಗದ್ದಲ' ಒತ್ತಿದಳು. ಮುಂದೆ ಕೇಳಲೇ ಇಲ್ಲ. ಇನ್ನೊಮ್ಮೆ ಹಾಡಿಸಿದರಾಯಿತು ಅಂದುಕೊಂಡಳು, ಆ ಊದಿದ ಕಣ್ಣು ನೆನೆದು ಕೇಳಲು ಬಾಯಿ ಬರಲಿಲ್ಲ.

*

ಕಡೆಗೂ ಸಾಯಿಕುಮಾರ್ ಫೋನ್ ಎತ್ತಿದ.

"ಅಕ್ಕಾ, ಆಫೀಸ್ ಮುಚ್ಚಿ ನಾಲ್ಕು ತಿಂಗಳಾತಲ್ಲ. ದುಡ್ಡು ಹಾಕೋರು ಸಣ್ಣಪುಟ್ಟ ಊರಿನ ಮಾತು ಇನ್ನ ಬ್ಯಾಡ ಅಂದ್ರು. ಯಂತ್ರ ತಾನ ಕಲೀತೈತಂತ."

"ನಮ್ಮತ್ತಿ ದನಿ ಒಂದು ಬೇಕಾಗಿತ್ತು. ಗದ್ದಲ ಅಂತ ಒತ್ತಿದ್ದು."

"ಲೇದಕ್ಕಾ, ಇಲ್ಲ ಅದು. ಪಾಸಾದವು ಎಲ್ಲ್ಯರ ಇರ್ತಾವು. ಅಂಥವು ಅವತ್ತ ಅಳಿಸಿ ಹೋಗ್ತಾವು. ಯಾರು ಒತ್ತಿದ್ರು?"

ಜ್ಯೋತಿ ಫೋನ್ ಇಳಿಸಿದಳು. ಸುಳ್ಳು ಹೇಳಿ ತಪ್ಪಿಸಿಕೊಳ್ಳೋಣವೆಂದು ಒಂದು ಗಳಿಗೆ ಮನಸ್ಸಾಯಿತು. ಏಣಿ ಇಳಿಯುವಷ್ಟರಲ್ಲಿ ಅದೂ ಸತ್ತಿತು.

ಹೆಣವನ್ನು ಚಟ್ಟದ ಮೇಲೆ ಮಲಗಿಸಿ ಹೂವು ಹಾಕಿದ್ದರು. ಚಂದ್ರ ಎಲ್ಲಿಂದಲೋ ಸ್ಪೀಕರ್ ತಂದಿಟ್ಟುಕೊಂಡು ಕೈ ಚಾಚಿದ. "ತಾ, ಹಚ್ಚೋಣು."

"ಇಲ್ಲ. ನಾನ ಅಳಿಸೀನಿ."

"ಅವ್ವನ್ನ ಅಳಿಸಿದ್ದು ಹೋಗಲಿ, ಆಕಿ ಈಗ ಎದ್ದು ಕೇಳ್ತಾಳೇನ? ಹಾಡು ಹಚ್ಚು."

"ಅವ್ವನ್ನಲ್ಲ. ಹಾಡನ್ನ ಅಳಿಸೀನಿ. ಪೂರಾ ಕೇಳಲೇ ಇಲ್ಲ."

ಚಂದ್ರ ಅವಳ ಮುಖವನ್ನೇ ನೋಡಿದ. ಸ್ಪೀಕರಿನ ವಯರು ಕಿತ್ತು ಸುತ್ತಿ ಸುತ್ತಿ ಗೋಡೆಯ ಮಗ್ಗುಲಿಗಿಟ್ಟು, ಚಟ್ಟದ ಕಾಲಗಡೆ ಹೋಗಿ ಕುಳಿತ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಕೇಳಿದ್ದಿ?" ಸುಂಕಲಮ್ಮ ಕೇಳಿದಳು.

"ಒಂದು ಸಾಲು."

"ಹಂಗಾರ ಎತ್ತು. ಆಕಿ ಅಳು ಕೇಳಿದಾಕಿ ನೀನೊಬ್ಬಾಕಿ."

ಜ್ಯೋತಿ ತಲೆಗಡೆ ಕುಳಿತಳು. "ಲಿಂಗಕ್ಕ ಹೊಂಟಾಳ, ಕೇಳೋರು ಬರ್ರೇ..." ದನಿ ಅತ್ತೆಯದರಂತೆ ಏರಲಿಲ್ಲ. ಹೆಂಗಸರು "ಓ ನಮ್ಮವ್ವಾ" ಎಂದರು. ಜ್ಯೋತಿಗೆ ಮುಂದೇನೂ ಇಲ್ಲ. ಯಾರಿಗೂ ಹೇಳದ್ದು ಎಂದಿದ್ದಳಲ್ಲ, ಅದೇನಿತ್ತು? ನಿನ್ನೂ ಹಾಡೀನಿ ಎಂದಿದ್ದಳು, ಹರಸಿದ್ದಳೋ ಶಪಿಸಿದ್ದಳೋ? ಎಂಟು ವರ್ಷ ಒಂದೇ ಒಲೆಯ ಮುಂದೆ ಉಂಡವಳ ಬಗ್ಗೆ ಎತ್ತಿ ಆಡಲು ಅವಳಲ್ಲಿ ಎರಡು ಮಾತಿರಲಿಲ್ಲ. ಮತ್ತೆ ಅದೇ ಸಾಲು ಎತ್ತಿದಳು. ಚಟ್ಟ ಎದ್ದಿತು. ಹತ್ತಿ ಹೊಲದ ಬದುವಿನುದ್ದಕ್ಕೂ ಅದೇ ಸಾಲು, ಅದೇ "ಓ ನಮ್ಮವ್ವಾ". ಒಬ್ಬೊಬ್ಬರ ದನಿಯೇ ಕಡಿಮೆಯಾಗುತ್ತ ಬಂತು.

ಹೆಣವನ್ನು ಗುಂಡಿಗಿಳಿಸಿದ ಮೇಲೆ ಚಂದ್ರ ಮೂರು ಹಿಡಿ ಮಣ್ಣು ಹಾಕಿದ. ಉಳಿದವರು ಸಲಿಕೆ ಹಿಡಿದರು.

"ಲಿಂಗಕ್ಕ ಹೊಂಟಾಳ, ಕೇಳೋರು ಬರ್ರೇ..."

"ಓ ನಮ್ಮವ್ವಾ" ಎಂದು ಉಳಿದ ನಾಲ್ಕು ಹೆಂಗಸರು ದನಿಗೂಡಿಸಿ, ಸೆರಗನ್ನು ಬಾಯಿಗಿಟ್ಟುಕೊಂಡು, ಮುಂದಿನ ಸಾಲಿಗೆ ಕಾಯುತ್ತ ನಿಂತರು.